ಚರ್ಚಿನ ಹೊಸ್ತಿಲಿಗೆ ಅರಿಶಿನ

ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಚರ್ಚಿನ ಬಾಗಿಲು. ನಡುವೆ ಒಂದು ಸಣ್ಣ ಇಟ್ಟಿಗೆ ರಸ್ತೆ, ಎರಡು ಮರ, ಒಂದು ಬೆಂಚು, ಅಷ್ಟೇ. ಆಮರ್ಸ್‌ಫೋರ್ಟ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಈ ಹಳ್ಳಿಗೆ ನಾವು ಬಂದದ್ದು ಹಳ್ಳಿಯ ಮೇಲಿನ ಪ್ರೀತಿಯಿಂದೇನೂ ಅಲ್ಲ. ಪೇಟೆಯಲ್ಲಿ ಮನೆ ಸಿಗಲಿಲ್ಲ, ಇಲ್ಲಿ ಸಿಕ್ಕಿತು. ಬಂದ ಹೊಸತರಲ್ಲಿ ನಾನು ದಿನಾ ಗೊಣಗುತ್ತಿದ್ದೆ. ಒಂದು ಬೇಕರಿ, ಒಂದು ಬಸ್ ಸ್ಟಾಪು, ಹಸುಗಳು, ಗಾಳಿ. ಸಂಜೆ ಆರಕ್ಕೆಲ್ಲ ಊಟ ಮುಗಿಸಿ, ಕಿಟಕಿಯ ಪರದೆಯನ್ನೂ ಎಳೆಯದೆ ಕೂತಿರುವ ಜನ. ನನ್ನ ಗಂಡ ಮೈಸೂರಿನವರು, ಎಲ್ಲಿ ಬಿಟ್ಟರೂ ಹಾಯಾಗಿರುತ್ತಾರೆ. ನಾನು ಹುಬ್ಬಳ್ಳಿಯವಳು, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಚರ್ಚು ಬಹಳ ಹಳೆಯದು. ಇಟ್ಟಿಗೆಯ ಗೋಡೆ, ಚೌಕಾಕಾರದ ಗೋಪುರ, ಗೋಪುರದ ಬುಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲು. ಒಳಗೆ ಒಂದು ಮರದ ಹಲಗೆಯ ಮೇಲೆ ಮೊದಲಿನಿಂದ ಇಲ್ಲಿಯವರೆಗಿನ ಪಾದ್ರಿಗಳ ಹೆಸರುಗಳನ್ನು ಬರೆದಿದ್ದಾರೆ. ನೆಲಕ್ಕೆ ಹಾಸಿದ ಕಲ್ಲುಗಳೆಲ್ಲ ಸಮಾಧಿಯ ಕಲ್ಲುಗಳು, ಕೆಳಗೆ ಊರಿನ ಹಳೆಯ ಹಿರಿಯರು ಮಲಗಿದ್ದಾರೆ. ಇದರ ಜೊತೆಗೆ ಇಲ್ಲೊಂದು ವಿಚಿತ್ರವೂ ಇದೆ: ಗೋಪುರ ಪುರಸಭೆಯದು, ಅದರ ಹಿಂದಿನ ಚರ್ಚು ಸಭೆಯ ಜನರದು. ಎರಡಕ್ಕೂ ಒಂದೇ ಆದ ಈ ಬಾಗಿಲಿನ ಹೊಸ್ತಿಲು ಯಾರದು ಎಂಬುದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ. ಅದು ಮರಳುಗಲ್ಲಿನ ಹೊಸ್ತಿಲು. ತಲೆಮಾರುಗಳ ಕಾಲ ಜನ ತುಳಿದು ತುಳಿದು ನಡುವೆ ತಗ್ಗು ಬಿದ್ದಿದೆ. ಮಳೆ ಬಂದರೆ ಆ ತಗ್ಗಿನಲ್ಲಿ ನೀರು ನಿಂತು ಗುಬ್ಬಿಗಳು ಕುಡಿಯಲು ಬರುತ್ತವೆ.

ಈ ಚರ್ಚಿನ ಬಾಗಿಲು ತೆರೆದು ಮುಚ್ಚಿ, ಗಂಟೆ ಬಾರಿಸಿ, ಮೇಣದ ಬತ್ತಿಯಿಂದ ಹಿಡಿದು ಮಾಡಿನವರೆಗೆ ಎಲ್ಲವನ್ನೂ ನೋಡಿಕೊಳ್ಳುವವರನ್ನು ಇಲ್ಲಿ ಕೋಸ್ಟರ್ ಎನ್ನುತ್ತಾರೆ. ನಮ್ಮ ಕೋಸ್ಟರ್ ಪಕ್ಕದ ಮನೆಯವರೇ. ಎಪ್ಪತ್ತು ದಾಟಿದ, ಎತ್ತರದ, ಒಣಕಲು ಮೈಯ ಮನುಷ್ಯ. ಎರಡೂ ಮಂಡಿ ಕೈಕೊಟ್ಟಿದ್ದವು. ನಾವು ಬಂದ ಮರುದಿನವೇ ಬಾಗಿಲು ತಟ್ಟಿ ಹೇಳಿದ್ದರು, "ಗಂಟೆಯ ಸದ್ದಿನಿಂದ ನಿಮಗೆ ತೊಂದರೆಯಾದರೆ ನನಗೆ ಹೇಳಿ. ಆದರೆ ನಾನು ನಿಲ್ಲಿಸುವುದಿಲ್ಲ." ನನಗೆ ಆ ಕ್ಷಣವೇ ಅವರು ಹಿಡಿಸಿಬಿಟ್ಟರು. ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡುವವರು ನಮ್ಮ ಕಡೆಯೂ ಬೇಕಾದಷ್ಟು ಜನ ಇದ್ದಾರೆ.

ಆದರೆ ಅದಾಗಿ ಸ್ವಲ್ಪ ದಿನಕ್ಕೆ ಗಂಟೆಯೇ ನಿಂತುಹೋಯಿತು. ಮಾಡಿನ ತೊಲೆಗಳು ಕೊಳೆತಿವೆ ಎಂದು ಚರ್ಚನ್ನು ಮುಚ್ಚಿದರು. ಎರಡು ವರ್ಷ ಅದರ ಸುತ್ತ ಕಬ್ಬಿಣದ ಅಟ್ಟಣಿಗೆ ನಿಂತಿತ್ತು. ಸ್ಮಾರಕ ಎಂದು ಗುರುತಿಸಿದ ಕಟ್ಟಡವಾದ್ದರಿಂದ ಅದಕ್ಕೊಂದು ಮೊಳೆ ಹೊಡೆಯಬೇಕಾದರೂ ಅನುಮತಿ ಬೇಕು, ಒಂದು ಕಲ್ಲನ್ನೂ ಯಾರೂ ಮುಟ್ಟುವಂತಿಲ್ಲ. ಕೋಸ್ಟರ್ ದಿನಾ ಬೆಂಚಿನ ಮೇಲೆ ಕೂತು ಕೆಲಸಗಾರರನ್ನು ನೋಡುತ್ತಿದ್ದರು. ಕಳೆದ ಜೂನ್‌ನಲ್ಲಿ ಅಂತೂ ಕೆಲಸ ಮುಗಿಯಿತು. ಶುಕ್ರವಾರ ತಪಾಸಣೆಯವನು ಬಂದು ನೋಡಿ ಸರಿಯಿದೆ ಎಂದರೆ ಭಾನುವಾರ ಬಾಗಿಲು ತೆರೆಯುವುದು ಎಂದಾಯಿತು. ಏನಾದರೂ ಕೊಂಕು ತೆಗೆದರೆ ಮತ್ತೆ ಅವನು ಬರುವುದು ಬೇಸಿಗೆ ರಜೆ ಮುಗಿದ ಮೇಲೆಯೇ.

ಅಷ್ಟು ದಿನ ಕೋಸ್ಟರ್‌ಗೆ ಇರಲಿಲ್ಲ. ತಿಂಗಳ ಕೊನೆಗೆ ಅವರು ಈ ಹಳ್ಳಿ ಬಿಟ್ಟು ರೈಸ್‌ವೈಕ್‌ನಲ್ಲಿ ಮಗಳ ಮನೆಯ ಹತ್ತಿರ, ಲಿಫ್ಟ್ ಇರುವ ಫ್ಲಾಟಿಗೆ ಹೋಗುವುದಿತ್ತು. ಬೇಲಿಯ ಆಚೆ ನಿಂತು ನನಗೆ ಒಮ್ಮೆ ಹೇಳಿದ್ದರು, "ಆ ಬಾಗಿಲನ್ನು ಇನ್ನೊಂದು ಸಲ ನಾನೇ ತೆರೆಯಬೇಕು. ಆಮೇಲೆ ಬೀಗದ ಕೈಯನ್ನು ಯಾರಿಗೆ ಬೇಕಾದರೂ ಕೊಡಲಿ." ಇಷ್ಟು ಹೇಳಿ ಮುಖ ತಿರುಗಿಸಿಕೊಂಡು ಗುಲಾಬಿ ಗಿಡ ಕತ್ತರಿಸಲು ಹೋದರು.

ಅವ್ವ ಬಂದದ್ದು ಅದೇ ಬೇಸಿಗೆಗೆ. ಅಪ್ಪನಿಗೆ ಚಳಿ ಆಗುವುದಿಲ್ಲ, ಹಾಗಾಗಿ ಒಬ್ಬಳೇ ಬಂದಿದ್ದಳು. ಸೂಟ್‌ಕೇಸಿನಲ್ಲಿ ನನಗೆ ಶೇಂಗಾ ಚಟ್ನಿ, ಅಳಿಯನಿಗೆ ಕರದಂಟು, ಉಳಿದ ಜಾಗದಲ್ಲಿ ಅರಿಶಿನ, ಕುಂಕುಮ, ರಂಗೋಲಿ ಪುಡಿ. ಬಂದ ಮರುದಿನ ಬೆಳಗ್ಗೆಯೇ ನಮ್ಮ ಮನೆಯ ಹೊಸ್ತಿಲು ತೊಳೆದು, ಅರಿಶಿನ ಸವರಿ, ಮೂರು ಕಡೆ ಕುಂಕುಮ ಇಟ್ಟು, ಮುಂದೆ ನಾಲ್ಕೆಳೆ ರಂಗೋಲಿ ಎಳೆದಳು. ನಮ್ಮ ಹೊಸ್ತಿಲು ಬಣ್ಣ ಬಳಿದ ಹಲಗೆಯದು, ಒರೆಸಿದರೆ ಹೋಗುತ್ತದೆ. ನಾನು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಹಸಿ ಅರಿಶಿನದ ಆ ವಾಸನೆಗೆ ಎದ್ದು ಕೆಳಗಿಳಿಯುವುದು ನನಗೆ ಬಹಳ ಹಿತವಾಗಿತ್ತು.

ಕೋಸ್ಟರ್ ಮತ್ತು ಅವ್ವ ಬೇಲಿಯ ಎರಡು ಕಡೆ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರು ಡಚ್ಚಿನಲ್ಲಿ, ಇವಳು ಹುಬ್ಬಳ್ಳಿ ಕನ್ನಡದಲ್ಲಿ. ಯಾವ ತೊಂದರೆಯೂ ಆದಂತೆ ಕಾಣಲಿಲ್ಲ. ಅವ್ವ ಅವರನ್ನು ಪೂಜಾರ್ರು ಎಂದೇ ಕರೆಯುತ್ತಿದ್ದಳು.

"ಅವ್ವಾ, ಅವ್ರು ಪೂಜಾರಿ ಅಲ್ಲ. ಬರೇ ಬಾಗಲಾ ತೆರಿಯಾವ್ರು," ಎಂದೆ.

"ಬಾಗಲಾ ತೆರಿಯಾವ್ರ ಪೂಜಾರ್ರು," ಎಂದಳು.

ಶನಿವಾರ ಬೆಳಗ್ಗೆ ಈ ಹಳ್ಳಿಯ ವಯಸ್ಸಾದ ಹೆಂಗಸರು ಬಕೆಟ್ಟು, ಬ್ರಷ್ಷು ಹಿಡಿದು ತಮ್ಮ ತಮ್ಮ ಬಾಗಿಲ ಮುಂದಿನ ಕಲ್ಲನ್ನು ತಿಕ್ಕಿ ತೊಳೆಯುತ್ತಾರೆ. ಅದನ್ನು ನೋಡಿದ ದಿನ ಅವ್ವನಿಗೆ ಈ ದೇಶದ ಮೇಲೆ ಗೌರವ ಬಂತು. ಒಂದೇ ಒಂದು ತಕರಾರು. "ಇಷ್ಟ ಚಂದ ತೊಳೀತಾರ, ತೊಳದು ಹಂಗ ಬೋಳು ಬಿಟ್ಟು ಒಳಗ ಹೋಗ್ತಾರಲ್ಲ," ಎಂದು ಕಿಟಕಿಯ ಹತ್ತಿರ ನಿಂತು ನಾಲ್ಕಾರು ಸಲ ಹೇಳಿದಳು.

ತಪಾಸಣೆಯ ವಾರದ ಸೋಮವಾರ ಅಟ್ಟಣಿಗೆ ಬಿಚ್ಚಿ ಒಯ್ದರು. ಕೋಸ್ಟರ್ ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದರು. ಸಂಜೆ ಅವ್ವ ನನ್ನ ಪಕ್ಕ ಬಂದು ಕೂತಳು. "ಎರಡು ವರ್ಷ ಮುಚ್ಚಿದ ದೇವ್ರ ಮನಿ. ಐತವಾರ ತೆರೀತಾರಂತ. ಹೊಸ್ತಿಲ ಹಂಗ ಬೋಳ ಇಟ್ಟು ತೆರಿಯೂದ ಚಲೋ ಅಲ್ಲ. ನಾ ಒಂದೀಟು ಅರಿಷಿಣ ಹಚ್ಚಿ ಬರ್ಲೇನು?" ನಾನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದೆ. ಆಕೆ ಏನು ಕೇಳಿದಳು ಎಂಬುದು ಕಿವಿಗೇ ಬೀಳಲಿಲ್ಲ. "ಹ್ಞೂಂ," ಎಂದೆ.

ಮರುದಿನ ಮಂಗಳವಾರ. ಸಂಜೆ ಬಸ್ಸಿಳಿದು ಮನೆಗೆ ಬರುತ್ತಿದ್ದವಳು ಮರದ ಕೆಳಗೆ ನಿಂತುಬಿಟ್ಟೆ. ಚರ್ಚಿನ ಹೊಸ್ತಿಲು ಕೆಂಪಗಿತ್ತು. ಯಾರೋ ಕುರಿ ಕಡಿದಂತೆ ಕೆಂಪು. ಅದರ ಮುಂದೆ ಕೋಸ್ಟರ್, ಬಾಗಲಾರದ ಆ ಮಂಡಿಗಳನ್ನೂರಿ, ಬಕೆಟ್ಟು ಬ್ರಷ್ಷು ಇಟ್ಟುಕೊಂಡು ತಿಕ್ಕುತ್ತಿದ್ದರು. ನೊರೆಯೂ ಕೆಂಪಾಗಿ ಅಂಚಿನಿಂದ ಇಳಿಯುತ್ತಿತ್ತು. ನನ್ನನ್ನು ಕಂಡದ್ದೇ ತಡ, ಬೆಂಚು ಹಿಡಿದು ಎದ್ದು, ನಾರಿನ ಕಾಲೊರೆಸು ತೆಗೆದು ಹೊಸ್ತಿಲ ಮೇಲೆ ಎಳೆದರು. "ಏನಿಲ್ಲ, ಏನಿಲ್ಲ," ಎಂದರು. ಬಕೆಟ್ಟು ಎತ್ತಿಕೊಂಡು, ಒಂದು ನಮಸ್ಕಾರವನ್ನೂ ಹೇಳದೆ ಹೊರಟುಹೋದರು.

ಮನೆಯೊಳಗೆ ಕಾಲಿಟ್ಟರೆ ಅವ್ವನ ಮುಖ ಅರಳಿತ್ತು. "ಬಂದ್ಯಾ? ಚಾ ಇಡ್ಲೇನು? ಗುಡಿ ಹೊಸ್ತಿಲಕ್ಕ ಅರಿಷಿಣ ಹಚ್ಚೀನಿ, ನೋಡಿದ್ಯೋ ಇಲ್ಲೋ?"

"ಯಾರನ್ನ ಕೇಳಿ ಹಚ್ಚಿದಿ?"

"ನಿನ್ನ ಕೇಳಿದ್ನಲ್ಲ. ಹ್ಞೂಂ ಅಂದಿ."

ಆಮೇಲೆ ನಾನು ಬಾಯಿಗೆ ಬಂದದ್ದು ಅಂದೆ. ಅದು ಸ್ಮಾರಕ, ಅದಕ್ಕೊಂದು ಮೊಳೆ ಹೊಡೆಯುವಂತಿಲ್ಲ, ಶುಕ್ರವಾರ ತಪಾಸಣೆಯಿದೆ, ಆ ಮನುಷ್ಯ ಎರಡು ವರ್ಷ ಕಾದಿದ್ದಾನೆ, ಇನ್ನು ಅವನ ಭಾನುವಾರ ಹೋಯಿತು, ಎಲ್ಲ ನಿನ್ನಿಂದ. ಕೊನೆಗೆ, "ಇದು ನಿನ್ನ ಹುಬ್ಬಳ್ಳಿ ಅಲ್ಲವ್ವಾ. ಇಲ್ಲಿ ಏನೂ ಮುಟ್ಟಬ್ಯಾಡ," ಎಂದೆ. ಅವ್ವ ಚಹಾದ ಪಾತ್ರೆ ಒಲೆಯ ಮೇಲಿಟ್ಟು ನನಗೆ ಬೆನ್ನು ಹಾಕಿ ನಿಂತಳು. ನನ್ನ ಗಂಡ ಮಹಡಿಯಿಂದ ಇಳಿದು ಬಂದು, "ಯಾಕೆ ಹೀಗೆ ಕೂಗ್ತೀಯ? ಏನಾಗಿದೆ ಅಂತ ಫಸ್ಟ್ ನೋಡೋಣ ಇರು," ಎಂದರು. ಅವರ ಈ ಸಮಾಧಾನ ನನಗೆ ಯಾವತ್ತೂ ಬೆಂಕಿಗೆ ಎಣ್ಣೆ ಸುರಿದಂತೆಯೇ.

ಅಷ್ಟರಲ್ಲಿ ಕರೆಗಂಟೆ ಬಾರಿಸಿತು. ತೆರೆದರೆ ಕೋಸ್ಟರ್. ಟೋಪಿ ಕೈಯಲ್ಲಿತ್ತು, ಮುಖ ಬಿಳಿಚಿತ್ತು.

ಕ್ಷಮಿಸಿ ಎಂದು ನಾನು ಶುರು ಮಾಡಿದೆ. ಅದೇ ಹೊತ್ತಿಗೆ ಅವರೂ ಕ್ಷಮಿಸಿ ಎಂದು ಶುರು ಮಾಡಿದರು. ಇಬ್ಬರೂ ನಿಲ್ಲಿಸಿದೆವು. ಅವರೇ ಮುಂದುವರಿಸಿದರು.

"ಬೆಳಗ್ಗೆ ನಿಮ್ಮ ತಾಯಿ ಹೊಸ್ತಿಲಿಗೆ ಬಣ್ಣ ಹಚ್ಚುವುದನ್ನು ನನ್ನ ಕಿಟಕಿಯಿಂದ ನೋಡಿದೆ. ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರೆಂದರೆ ಹೋಗಿ ತಡೆಯಲು ಮನಸ್ಸು ಬರಲಿಲ್ಲ. ಸಂಜೆ ನಾನೇ ಸದ್ದಿಲ್ಲದೆ ತೊಳೆದುಬಿಡೋಣ, ನಿಮ್ಮ ಮೇಲೆ ಯಾರ ಮಾತೂ ಬರುವುದು ಬೇಡ ಎಂದುಕೊಂಡೆ. ಹಸಿರು ಸಾಬೂನು ಹಾಕಿದೆ. ಹಳದಿ ಇದ್ದದ್ದು ಕೆಂಪಾಯಿತು. ತಿಕ್ಕಿದಷ್ಟೂ ಕೆಂಪು. ಆ ಕಲ್ಲನ್ನು ನಾನು ಹಾಳು ಮಾಡಿಬಿಟ್ಟೆ."

ಆ ಕ್ಷಣದಲ್ಲಿ ನನಗೆ ನನ್ನ ಶಾಲೆಯ ಬಿಳಿ ಯೂನಿಫಾರಂ ನೆನಪಾಯಿತು. ಸಾರು ಚೆಲ್ಲಿಕೊಂಡು ಬಂದ ದಿನ, ಅವ್ವನಿಗೆ ಗೊತ್ತಾಗಬಾರದೆಂದು ಬಚ್ಚಲಲ್ಲಿ ಕದ್ದು ಸಾಬೂನು ಹಚ್ಚಿದ್ದೆ. ಕಲೆ ರಕ್ತದ ಹಾಗೆ ಕೆಂಪಾಗಿ ಹೆದರಿ ಅತ್ತಿದ್ದೆ. ನಮ್ಮ ಕಡೆಯ ಯಾವ ಮನೆಯಲ್ಲೂ ಇದು ಹೊಸದಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿಯೇ ಅಲ್ಲವೇ ಆರತಿಯ ಕೆಂಪು ನೀರು ಮಾಡುವುದು. ಸಾಬೂನೂ ಅದೇ ಕೆಲಸ ಮಾಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಸಿಟ್ಟಿನಲ್ಲಿ ತಲೆ ಓಡಿರಲಿಲ್ಲ.

ನನ್ನ ಗಂಡ ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಏನಂತಾರ ಪೂಜಾರ್ರು?" ಎಂದು ಅಳಿಯನನ್ನು ಕೇಳಿದಳು, ನನ್ನನ್ನಲ್ಲ. ಅವರು ಹೇಳಿದರು. ಅವ್ವನ ಮುಖದಲ್ಲಿ ಸಣ್ಣಗೆ ನಗು ಬಂತು.

"ಸಾಬೂನು ಹಚ್ಚಿದ್ರ ಕೆಂಪಾಗೂದ. ಕಲ್ಲಿಗೆ ಏನೂ ಆಗಿಲ್ಲ ಅಂತ ಹೇಳ್ರಿ ಅವ್ರಿಗೆ. ಬರೇ ನೀರು ಹಾಕಿ ತೊಳದು ಬಿಸಲಿಗೆ ಬಿಡ್ರಿ ಅನ್ರಿ. ಬಿಸಲು ತಿಂದು ಹಾಕ್ತೈತಿ ಅದನ್ನ."

"ಬಿಸಿಲು ಎಲ್ಲಿಂದ ತರೋದು ಅತ್ತೆ? ಇದು ಹಾಲೆಂಡು," ಎಂದರು ನನ್ನ ಗಂಡ. ಫೋನು ತೆಗೆದು ನೋಡಿದರು. ಬುಧವಾರ ಮೋಡ, ಗುರುವಾರ ಮೋಡ, ಶುಕ್ರವಾರ ಮಳೆ. ಹಾಗಿದ್ದರೆ ನಿಂಬೆಹಣ್ಣು ಹಿಂಡೋಣವೇ ಎಂದು ಕೇಳಿದರು. ಆ ಕಲ್ಲಿಗೆ ಹುಳಿ ತಾಗಿಸುವಂತೆಯೇ ಇಲ್ಲ ಎಂದು ಕೋಸ್ಟರ್ ಎರಡೂ ಕೈ ಎತ್ತಿ ತಡೆದರು.

ಇನ್ನೊಂದು ಪೇಚೂ ಇತ್ತು. ಅವರು ಹೊಸ್ತಿಲ ಮೇಲೆ ಕಾಲೊರೆಸು ಹಾಕಿ ಮುಚ್ಚಿದ್ದರು. ಮುಚ್ಚಿಟ್ಟರೆ ಬೆಳಕು ತಾಗುವುದಿಲ್ಲ, ಕಲೆ ಹೋಗುವುದಿಲ್ಲ. ತೆರೆದಿಟ್ಟರೆ ಇಡೀ ಊರಿಗೆ ಕಾಣುತ್ತದೆ, ಶುಕ್ರವಾರದೊಳಗೆ ಹೋಗದಿದ್ದರೆ ತಪಾಸಣೆಯವನ ಕಿವಿಗೆ ಯಾರಾದರೂ ಹಾಕಿಯೇ ಹಾಕುತ್ತಾರೆ. ಬಿಸಿಲಿನಲ್ಲಿ ಖಂಡಿತ ಹೋಗುತ್ತದೆಯೇ ಎಂದು ಅವರು ನನ್ನನ್ನು ಕೇಳಿದರು. ಬಟ್ಟೆಯಿಂದ ಹೋಗುತ್ತದೆ ಎಂದು ಗೊತ್ತಿತ್ತು, ಕಲ್ಲಿನ ವಿಷಯ ನನಗೇನು ಗೊತ್ತು? ನಾನು ತಡವರಿಸಿದೆ. ಅವರು ನನ್ನನ್ನು ಬಿಟ್ಟು ಅವ್ವನ ಕಡೆ ನೋಡಿದರು. ಅವ್ವ ತಲೆ ಆಡಿಸಿದಳು. ಕಾಫಿ ಮುಗಿಸಿ, ಹೊರಗೆ ಹೋಗಿ, ಆ ಕಾಲೊರೆಸನ್ನು ಅವರೇ ತೆಗೆದು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು.

ಬುಧವಾರ ನಾನು ಮನೆಯಿಂದಲೇ ಕೆಲಸ ಮಾಡಿದೆ. ಕೆಲಸ ಎಲ್ಲಿ, ಕಣ್ಣೆಲ್ಲ ಕಿಟಕಿಯ ಹೊರಗೆ. ಆಕಾಶ ಹಳೆಯ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಬೂದುಬಣ್ಣಕ್ಕಿತ್ತು. ನೀರು ಹಾಕಿ ತೊಳೆದ ಮೇಲೆ ಕೆಂಪು ಸ್ವಲ್ಪ ಇಳಿದು ಕಿತ್ತಳೆಯಾಗಿತ್ತು, ಅಷ್ಟೇ. ಕೋಸ್ಟರ್ ಬೆಳಗ್ಗೆಯಿಂದ ಬೆಂಚಿನ ಮೇಲೆ ಕಾವಲು ಕೂತಿದ್ದರು. ಸ್ವಲ್ಪ ಹೊತ್ತಿಗೆ ಅವ್ವನೂ ಹೋಗಿ ಬೆಂಚಿನ ಆ ತುದಿಗೆ ಕೂತು ಹತ್ತಿ ತೆಗೆದು ದೀಪದ ಬತ್ತಿ ಹೊಸೆಯತೊಡಗಿದಳು. ದಾರಿಯಲ್ಲಿ ಹೋಗುವ ಒಬ್ಬೊಬ್ಬರೂ ಸೈಕಲ್ ನಿಲ್ಲಿಸಿ ಹೊಸ್ತಿಲು ನೋಡಿ ಏನಿದು ಎಂದು ಕೇಳುವುದು, ಕೋಸ್ಟರ್ ಗಂಭೀರವಾಗಿ, "ನಾನು ಸಾಬೂನು ಹಾಕಿದೆ," ಎನ್ನುವುದು. ಬೇಕರಿಯಾಕೆ ಬಗ್ಗಿ ನೋಡಿ, "ಹಂದಿ ಕೊಯ್ದ ಹಾಗಿದೆ," ಎಂದು ಹೇಳಿಯೇ ಹೋದಳು. ಅವ್ವನ ಹೆಸರು ಒಂದು ಸಲವೂ ಅವರ ಬಾಯಿಂದ ಬರಲಿಲ್ಲ. ಕಿಟಕಿಯ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ನನಗೆ ಅವರ ಮೇಲೆ ಅಕ್ಕರೆ ಬಂತು, ನನ್ನ ಮೇಲೆ ನಾಚಿಕೆಯಾಯಿತು.

ಮಧ್ಯಾಹ್ನ ಕಸ ಹಾಕಲು ಹೊರಗೆ ಹೋದಾಗ ನೋಡಿದೆ. ನಮ್ಮ ಮನೆಯ ಹೊಸ್ತಿಲಿಗೆ ಆ ದಿನ ಅರಿಶಿನ ಇರಲಿಲ್ಲ. ರಂಗೋಲಿಯೂ ಇರಲಿಲ್ಲ. ಏನೂ ಮುಟ್ಟಬೇಡ ಎಂದಿದ್ದೆನಲ್ಲ, ಅವ್ವ ಮುಟ್ಟಿರಲಿಲ್ಲ. ಅವಳನ್ನು ಕೇಳಬೇಕೆಂದು ಬಾಯಿ ತೆರೆದೆ, ಏನು ಕೇಳಬೇಕೋ ತಿಳಿಯದೆ ಅನ್ನಕ್ಕಿಡಲೇ ಎಂದು ಕೇಳಿದೆ. ಇಡು ಎಂದಳು.

ಗುರುವಾರ ಬೆಳಗ್ಗೆಯೂ ಅದೇ ಮೋಡ. ಕೋಸ್ಟರ್ ಬೆಂಚಿಗೆ ಬಂದದ್ದೂ ತಡವಾಗಿ. ಬಂದವರು ಹೊಸ್ತಿಲನ್ನು ನೋಡಲೇ ಇಲ್ಲ, ಕೈಯಲ್ಲಿ ಚರ್ಚಿನ ಬೀಗದ ಕೈ ಹಿಡಿದು ಸುಮ್ಮನೆ ತಿರುಗಿಸುತ್ತಾ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಅವ್ವ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಟ್ಟೆಯಲ್ಲಿ ಹಾಕಿಕೊಂಡು ಹೋಗಿ ಅವರ ತೊಡೆಯ ಮೇಲಿಟ್ಟಳು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ತಿಂದರು.

ನಾಲ್ಕು ಗಂಟೆ ದಾಟಿರಬೇಕು. ನಾನು ಮನೆಯಿಂದಲೇ ಮೀಟಿಂಗಿನಲ್ಲಿದ್ದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಇದ್ದಕ್ಕಿದ್ದಂತೆ ಬೆಳಕು ಹೊಳೆದು ಅಕ್ಷರ ಕಾಣದಾಯಿತು. ತಲೆ ಎತ್ತಿದೆ. ಪಶ್ಚಿಮದ ಕಡೆ ಮೋಡ ಹರಿದು ಬಿಸಿಲು ಬಿದ್ದಿತ್ತು, ನೆಟ್ಟಗೆ ಚರ್ಚಿನ ಬಾಗಿಲ ಮೇಲೆ. ಏನೋ ನೆಪ ಹೇಳಿ ಮೀಟಿಂಗ್ ಬಿಟ್ಟು ಹೊರಗೆ ಓಡಿದೆ. ಅವ್ವ ಆಗಲೇ ತಂಬಿಗೆ ತಂದು ಹೊಸ್ತಿಲಿಗೆ ನೀರು ಚಿಮುಕಿಸುತ್ತಿದ್ದಳು. ಕೋಸ್ಟರ್ ಎದ್ದು ನಿಂತಿದ್ದರು. ನಾವು ಮೂವರೂ ಒಂದು ಕಲ್ಲನ್ನು ನೋಡುತ್ತಾ ನಿಂತೆವು. ಒಲೆಯ ಮೇಲಿಟ್ಟ ಹಾಲನ್ನು ಕಾಯುವಾಗ ನಿಲ್ಲುತ್ತೇವಲ್ಲ, ಹಾಗೆ.

ಇಲ್ಲಿ ಜೂನ್ ತಿಂಗಳ ಸೂರ್ಯ ಒಮ್ಮೆ ಬಂದನೆಂದರೆ ಬೇಗ ಹೋಗುವುದಿಲ್ಲ. ರಾತ್ರಿ ಊಟದ ಹೊತ್ತು ಮೀರಿದರೂ ಬೆಳಕಿರುತ್ತದೆ. ಕಿತ್ತಳೆ ಇದ್ದದ್ದು ಹಳದಿಯಾಯಿತು, ಹಳದಿ ಕೆನೆಯ ಬಣ್ಣಕ್ಕೆ ಬಂತು. ನನ್ನ ಗಂಡ ಆಫೀಸಿನಿಂದ ಬಂದವರು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನಮ್ಮ ಜೊತೆ ನಿಂತರು. ನೆರಳು ಹೊಸ್ತಿಲನ್ನು ಮುಟ್ಟುವ ಹೊತ್ತಿಗೆ ಕಲೆ ಎಲ್ಲಿತ್ತು ಎಂದು ಹುಡುಕಬೇಕಾಗಿತ್ತು. ಕೋಸ್ಟರ್ ಬಗ್ಗಿ ಅಂಗೈಯಿಂದ ಕಲ್ಲನ್ನು ಸವರಿದರು. ಕೈ ತಿರುಗಿಸಿ ನೋಡಿದರು. ಏನೂ ಅಂಟಿರಲಿಲ್ಲ. ಆಮೇಲೆ ಬೆಂಚಿನ ಮೇಲೆ ಕೂತು ದೊಡ್ಡದಾಗಿ ಉಸಿರು ಬಿಟ್ಟರು. ನನಗೂ ಹೋದ ಜೀವ ಬಂದಂತಾಯಿತು. ಆ ರಾತ್ರಿ ಮೈಮರೆತು ನಿದ್ದೆ ಮಾಡಿದೆ.

ಶುಕ್ರವಾರ ಹೇಳಿದಂತೆ ಮಳೆ ಬಂತು, ತಪಾಸಣೆಯವನೂ ಬಂದ. ನಾನು ಅಡುಗೆಮನೆಯಲ್ಲಿ ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಅವನು ತಲೆಯೆತ್ತಿ ಮಾಡು ನೋಡಿದ. ನೀರು ಹರಿಯುವ ತಗಡು ನೋಡಿದ. ಗೋಪುರದ ಸುತ್ತ ಹುಲ್ಲಿನ ಮೇಲೆ ಎರಡು ಸುತ್ತು ಹೋದ. ಕೊನೆಗೆ ಬಾಗಿಲಿಗೆ ಬಂದು ಕೆಳಗೆ ನೋಡಿದ. ನನ್ನ ಕೈ ಲೋಟದ ಮೇಲೆ ನಿಂತಿತು. ಅವನು ಒಂದು ಕಾಲೆತ್ತಿ, ಬೂಟಿಗೆ ಮೆತ್ತಿದ್ದ ಕೆಸರನ್ನು ಆ ಹೊಸ್ತಿಲಿನ ಅಂಚಿಗೆ ಚೆನ್ನಾಗಿ ಉಜ್ಜಿದ. ಇನ್ನೊಂದು ಕಾಲನ್ನೂ ಉಜ್ಜಿದ. ಅದನ್ನೇ ತುಳಿದುಕೊಂಡು ಒಳಗೆ ಹೋದ.

ಅವನು ಹೋದ ಮೇಲೆ ಕೋಸ್ಟರ್ ರಸ್ತೆ ದಾಟಿ ಬಂದು ನಮ್ಮ ಕಿಟಕಿಯ ಗಾಜು ತಟ್ಟಿದರು. ಎಲ್ಲ ಸರಿಯಿದೆ, ಭಾನುವಾರ ಹತ್ತು ಗಂಟೆಗೆ ಎಂದರು. ಆಮೇಲೆ ಕೆಸರು ಕೆಸರಾದ ಹೊಸ್ತಿಲಿನ ಕಡೆ ಕೈ ತೋರಿಸಿ, ಹೊಟ್ಟೆ ಹಿಡಿದು ನಕ್ಕರು. ಆ ಎರಡು ವರ್ಷಗಳಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ನಕ್ಕೆ. ಒಳಗೆ ತಿರುಗಿ ಅವ್ವನಿಗೆ ಹೇಳಿದರೆ, "ಚಲೋ ಆತು ಬಿಡು," ಎಂದಳು. ನಗಲಿಲ್ಲ. ಮೂರು ದಿನದಿಂದ ನಮ್ಮ ಹೊಸ್ತಿಲು ಹಾಗೆಯೇ ಬೋಳು ಬಿದ್ದಿತ್ತು.

ಭಾನುವಾರ ಬೆಳಗ್ಗೆ ಗಂಟೆ ಬಾರಿಸಿತು. ಎರಡು ವರ್ಷದ ಮೇಲೆ. ಮೊದಲ ಪೆಟ್ಟಿಗೆ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಹಳ್ಳಿಗೆ ಹಳ್ಳಿಯೇ ಬಾಗಿಲ ಮುಂದೆ ನೆರೆದಿತ್ತು. ನಾವಿಬ್ಬರೂ ತಯಾರಾಗಿ ಕೆಳಗಿಳಿದರೆ ಅವ್ವ ಅಡುಗೆಮನೆಯ ಕುರ್ಚಿಯಲ್ಲಿ ಮನೆಯ ಸೀರೆಯಲ್ಲೇ ಕೂತಿದ್ದಳು.

"ನೀವು ಹೋಗಿ ಬರ್ರಿ. ನಾ ಒಲ್ಲೆ. ನಾ ಎಲ್ಲಿ ಏನ ಮುಟ್ಟತೇನೋ ಏನೋ."

ಹೋಗಿ ಪಕ್ಕದಲ್ಲಿ ಕೂತೆ. "ತಪ್ಪಾತವ್ವಾ. ಸಿಟ್ಟಿನಾಗ ಅಂದೆ. ನಿನಗ ಗೊತ್ತಿಲ್ಲೇನು ನನ್ನ ಬಾಯಿ?"

"ಗೊತ್ತೈತಿ. ಇರಲಿ ಬಿಡವಾ," ಎಂದಳು. ಏಳಲಿಲ್ಲ. "ನೀ ಇಲ್ಲಿ ಇರಾಕಿ. ನಾ ಇಂದಲ್ಲ ನಾಳೆ ಹೋಗಾಕಿ. ನನ್ನಿಂದ ನಿನಗ ನಾಕು ಮಂದ್ಯಾಗ ನಾಚಿಕಿ ಆಗಬಾರದು."

ನನಗೆ ಆಗ ತಿಳಿಯಿತು. ಅವ್ವ ಕಲ್ಲಿಗಾಗಿ ನೊಂದಿರಲಿಲ್ಲ, ನಾನು ಅವಳನ್ನು ಕಂಡು ನಾಚಿಕೊಂಡೆ ಎಂದು ನೊಂದಿದ್ದಳು. ಅವಳ ಕೈ ಹಿಡಿದುಕೊಂಡು ಕೂತೆ. ಗೋಡೆಯ ಗಡಿಯಾರದಲ್ಲಿ ಹತ್ತಾಯಿತು, ಹತ್ತೂ ಐದಾಯಿತು. ಈ ದೇಶದಲ್ಲಿ ಹತ್ತೆಂದರೆ ಹತ್ತು. ಯಾಕೆ ಇನ್ನೂ ಬಾಗಿಲು ತೆರೆದಿಲ್ಲ ಎಂದು ನನ್ನ ಗಂಡ ಕಿಟಕಿಗೆ ಹೋದರು. "ಬರ್ತಿದ್ದಾರೆ," ಎಂದರು.

ಕೋಸ್ಟರ್ ಕಪ್ಪು ಸೂಟಿನಲ್ಲಿದ್ದರು, ಕೂದಲಿಗೆ ನೀರು ಹಚ್ಚಿ ಬಾಚಿದ್ದರು. ಕೈಯಲ್ಲಿ ಗೇಣುದ್ದದ ಆ ಕಬ್ಬಿಣದ ಕೀಲಿ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಅವ್ವನನ್ನು ನೋಡಿ ನನಗೆ ಹೇಳಿದರು, "ಅವರು ಬರದೆ ನಾನು ಬಾಗಿಲು ತೆರೆಯುವುದಿಲ್ಲ ಎಂದು ಹೇಳಿ. ಜನ ಕಾಯುತ್ತಿದ್ದಾರೆ ಎಂದೂ ಹೇಳಿ."

ಹೇಳಿದೆ. ಅವ್ವ ಗಾಬರಿಯಾದಳು. "ಅಯ್ಯ, ನನ್ನ ಸಂಬಂಧ ದೇವ್ರ ಬಾಗಲಾ ಯಾಕ ನಿಂದರಬೇಕು," ಎಂದು ಎದ್ದು ಒಳಗೆ ಓಡಿ, ಇಳಕಲ್ ಸೀರೆ ಸುತ್ತಿಕೊಂಡು ಬಂದಳು. ಅಷ್ಟು ಬೇಗ ಆಕೆ ಸೀರೆ ಉಟ್ಟದ್ದನ್ನು ನಾನು ಕಂಡಿಲ್ಲ.

ಜನ ದಾರಿ ಬಿಟ್ಟರು. ಕೋಸ್ಟರ್ ಕೀಲಿ ತಿರುಗಿಸಿದರು, ಎಣ್ಣೆ ಕುಡಿದ ಬಾಗಿಲು ಸದ್ದಿಲ್ಲದೆ ತೆರೆಯಿತು. ಅವರು ಬಾಗಿಲ ತೋಳು ಹಿಡಿದು ಸ್ವಲ್ಪ ಹೊತ್ತು ಒಳಗಿನ ಕತ್ತಲೆಯನ್ನು ನೋಡುತ್ತಾ ನಿಂತರು. ಆಮೇಲೆ ಪಕ್ಕಕ್ಕೆ ಸರಿದು, ನೀವು ಮೊದಲು ಎಂದು ಅವ್ವನಿಗೆ ಕೈ ತೋರಿಸಿದರು. ಅವ್ವ ಬೆಂಚಿನ ಹತ್ತಿರ ಚಪ್ಪಲಿ ಬಿಟ್ಟಳು. ಬಗ್ಗಿ ಬಲಗೈ ಬೆರಳುಗಳಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಕಲ್ಲಿಗೆ ಕಾಲು ತಾಗದಂತೆ ಬಲಗಾಲು ಮುಂದಿಟ್ಟು ಆಚೆ ದಾಟಿದಳು.

ಅವಳ ಹಿಂದೆ ಕೋಸ್ಟರ್. ತಮ್ಮ ಆಯುಷ್ಯವೆಲ್ಲ ಆ ಹೊಸ್ತಿಲನ್ನು ತುಳಿದೇ ಒಳಗೆ ಹೋದ ಮನುಷ್ಯ. ಅವರು ತಗ್ಗು ಬಿದ್ದ ಕಲ್ಲನ್ನು ನೋಡಿದರು. ಒಂದು ಕೈಯಿಂದ ಬಾಗಿಲ ತೋಳು ಹಿಡಿದು, ಆ ನೋಯುವ ಮಂಡಿಯನ್ನು ಹಲ್ಲು ಕಚ್ಚಿ ಮೇಲೆತ್ತಿ, ಹೊಸ್ತಿಲು ತುಳಿಯದೆ ದಾಟಿದರು. ಅವರ ಹಿಂದಿದ್ದ ಪಾದ್ರಿ ಅದನ್ನು ಕಂಡು ತಾವೂ ದಾಟಿದರು. ಪಾದ್ರಿಯನ್ನು ಕಂಡು ಬೇಕರಿಯಾಕೆ, ಬೇಕರಿಯಾಕೆಯನ್ನು ಕಂಡು ಅವಳ ಹಿಂದಿನವರು. ಯಾಕೆ ಎಂದು ಯಾರೂ ಕೇಳಲಿಲ್ಲ. ಇಡೀ ಹಳ್ಳಿ ಒಬ್ಬೊಬ್ಬರಾಗಿ ಕಾಲೆತ್ತಿ ದಾಟಿ ಒಳಗೆ ಹೋಯಿತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಗಂಡನ ತೋಳು ಹಿಡಿದುಕೊಂಡೆ.

ಒಳಗೆ ಅವ್ವ ಮುಂದಿನ ಸಾಲಿನಲ್ಲಿ ಕೋಸ್ಟರ್ ಪಕ್ಕ ಕೂತಿದ್ದಳು. ನಾನು ಹೋಗಿ ಕೂತದ್ದೇ ನನ್ನ ಕಿವಿಯಲ್ಲಿ, "ಎಲ್ಲಾ ಮಂದಿ ದಾಟಿ ಬಂದ್ರಲ್ಲ, ನೋಡಿದ್ಯಾ," ಎಂದಳು. ನಾಲ್ಕು ದಿನದ ಮೇಲೆ ಆಕೆಯ ದನಿ ಮೊದಲಿನ ಹಾಗಾಗಿತ್ತು. ಕಾಲ ಕೆಳಗಿನ ನೆಲವೆಲ್ಲ ಸಮಾಧಿಯ ಕಲ್ಲು ಎಂಬುದನ್ನು ಮಾತ್ರ ನಾನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಮರುದಿನ ನನಗೆ ಎಚ್ಚರವಾದದ್ದು ಹಸಿ ಅರಿಶಿನದ ವಾಸನೆಗೆ. ಗಡಿಬಿಡಿಯಲ್ಲಿ ಸ್ನಾನ ಮುಗಿಸಿ, ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆಂದು ಓಡಿದೆ. ಬಾಗಿಲು ತೆಗೆಯುವಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಕೂಗಿದಳು.

"ಇನ್ನೂ ಹಸಿ ಐತಿ, ದಾಟಿ ಹೋಗು."

ದಾಟಿ ಹೋದೆ.